ಗ್ಯಾಡಿಸ್ ಮನೆಯ ಮೂರನೆಯ ಓಟು

ಥೆರಾನ್ ಗ್ಯಾಡಿಸ್ ಯಾವ ಕಾಗದವನ್ನೂ ಮೊದಲ ಸಲಕ್ಕೇ ನಂಬುವವನಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಸರ್ಕಾರ ಕೊಟ್ಟ ವಕೀಲನೊಬ್ಬ, "ಇಲ್ಲೊಂದು ಸಹಿ ಹಾಕಪ್ಪ, ಬೇಗ ಮನೆಗೆ ಹೋಗ್ತೀಯ" ಎಂದು ತಪ್ಪೊಪ್ಪಿಗೆಯ ಹಾಳೆ ಮುಂದಿಟ್ಟಿದ್ದ. ಹಾಕಿದ. ಮನೆಗೆ ಬಂದದ್ದು ಎಂಟು ವರ್ಷದ ಮೇಲೆ. ಆಮೇಲೆ ಲಾರಿ ಓಡಿಸುವ ಕೆಲಸಕ್ಕೆ ಹೋದರೆ ಅರ್ಜಿಯಲ್ಲಿ "ಶಿಕ್ಷೆಯಾಗಿದೆಯೇ?" ಎಂಬ ಚೌಕ; ಬಾಡಿಗೆ ಮನೆ ಕೇಳಿದರೆ ಅದೇ ಚೌಕ; ಶಾಲೆಯ ಪ್ರವಾಸಕ್ಕೆ ಮಕ್ಕಳ ಜೊತೆ ಬರುತ್ತೀರಾ ಎಂದು ಮಗಳ ಕೈಲಿ ಕಳಿಸಿದ ಚೀಟಿಯಲ್ಲೂ ಅದೇ ಚೌಕ. ಕೊನೆಗೆ ಏನೂ ಕೇಳದೆ ಕೆಲಸ ಕೊಟ್ಟದ್ದು ಊರಾಚೆಯ ಮೀನಿನ ಕಾರ್ಖಾನೆ. ಜಾಗ ಕೊಟ್ಟದ್ದು ಅಕ್ಕ ವೆರ್ನೀಸ್. ಅವನಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು, ತಾಯಿಯ ಮನೆಯನ್ನು ನೋಡಿಕೊಂಡಿದ್ದವಳು. ಜಾಗದ ಜೊತೆಗೆ ಮಾತನ್ನೂ ಧಾರಾಳವಾಗಿ ಕೊಡುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅವನೆಂದರೆ ಸಾಕು, "ಜೈಲಲ್ಲಿ ಇದಕ್ಕಿಂತ ಚೆನ್ನಾಗಿ ಹಾಕ್ತಿದ್ರೇನೋ" ಎನ್ನುತ್ತಿದ್ದಳು.

ಫೆಬ್ರವರಿಯ ಒಂದು ಭಾನುವಾರ ಮಗಳು ಟಲೀಶಾ ಚರ್ಚಿನಿಂದ ಬಂದವಳೇ ಊಟದ ಮೇಜಿನ ಮೇಲೆ ಎರಡು ಅರ್ಜಿ ಇಟ್ಟಳು. ಹದಿನೆಂಟು ವರ್ಷದ ಹುಡುಗಿ, ಹಿಡಿದದ್ದನ್ನು ಬಿಡುವವಳಲ್ಲ. ಥೆರಾನ್ ಅರ್ಜಿಯನ್ನು ಮುಟ್ಟದೆ ಕುರ್ಚಿಯನ್ನೇ ಹಿಂದಕ್ಕೆ ಸರಿಸಿಕೊಂಡ.

"ಏನೇ ಇದು?"

"ಓಟಿನ ಪಟ್ಟಿಗೆ ಹೆಸರು ಸೇರಿಸೋ ಅರ್ಜಿ. ಒಂದು ನಂಗೆ, ಒಂದು ನಿಂಗೆ."

"ನಂಗಾ? ಹೊಟ್ಟೆ ತುಂಬ ಊಟ ಮಾಡು, ತಲೆ ತಾನಾಗೇ ಸರಿಹೋಗುತ್ತೆ."

"ಅಪ್ಪಾ, ಕೇಳಿಲ್ಲಿ. ಮಿಸಿಸಿಪ್ಪಿಯಲ್ಲಿ ಎಲ್ಲಾ ಕೇಸಿಗೂ ಓಟು ಹೋಗಲ್ಲ. ಇಪ್ಪತ್ತೆರಡು ಅಪರಾಧಕ್ಕೆ ಮಾತ್ರ. ಅರ್ಜಿಯಲ್ಲೇ ಅಚ್ಚು ಹಾಕಿದ್ದಾರೆ. ಮಾದಕ ಮಾಲು ಮಾರಿದ್ದು ಇದ್ರಲ್ಲಿ ಇಲ್ವೇ ಇಲ್ಲ."

ವೆರ್ನೀಸ್ ಹಂದಿಮೂಳೆ ಹಾಕಿ ಬೇಯಿಸಿದ ಸೊಪ್ಪಿನ ಪಾತ್ರೆ ಹಿಡಿದು ಒಲೆಯ ಬಳಿಯಿಂದ ಬಂದಳು. "ಯಾರು ತುಂಬಿದ್ದು ಇದನ್ನ ನಿನ್ನ ತಲೆಗೆ?"

"ನಮ್ಮ ಚರ್ಚಿನ ಸಿಸ್ಟರ್ ಮೊಜೆಲ್. ಹತ್ತೊಂಬತ್ತು ವರ್ಷ ಮತಗಟ್ಟೆಯಲ್ಲಿ ಕೂತಿದ್ದೋರು ಅವ್ರು, ಸುಮ್ನೆ ಹೇಳ್ತಾರಾ? ಬೇಕಾದ್ರೆ ಓದ್ತೀನಿ ಕೇಳು ಅತ್ತೆ. ಕೊಲೆ, ಬಲಾತ್ಕಾರ, ಲಂಚ, ಬೆಂಕಿ ಹಚ್ಚೋದು, ಸುಳ್ಳು ಸಾಕ್ಷಿ, ಇಬ್ಬರನ್ನ ಮದ್ವೆ ಆಗೋದು, ಮರ ಕದಿಯೋದು, ಚೆಕ್ ಬೌ—"

"ಸಾಕು ನಿಲ್ಲಿಸೇ!" ಪಾತ್ರೆ ಮೇಜಿಗೆ ಬಡಿದ ಸದ್ದಿಗೆ ಲೋಟಗಳು ಅಲುಗಿದವು. "ಭಾನುವಾರದ ಊಟಕ್ಕೆ ಕೂತು ಕೊಲೆ, ಬಲಾತ್ಕಾರ ಅಂತ ಪಾರಾಯಣ ಮಾಡ್ತಾಳೆ. ಅಲ್ಲ ಕಣೋ ಥೆರಾನ್, ಗೊತ್ತಿಲ್ಲದೆ ಹೋಗಿ ಓಟು ಹಾಕಿದ ತಪ್ಪಿಗೆ ಜನ ಮತ್ತೆ ಜೈಲಿಗೆ ಹೋಗಿದ್ದನ್ನ ಟಿ.ವಿ.ಯಲ್ಲಿ ನೋಡ್ಲಿಲ್ವಾ? ಇದೆಲ್ಲಾ ಬಲೆ. ಕಾಳು ಹಾಕಿ ಕರೀತಾರೆ, ಆಮೇಲೆ ಕತ್ತು ಹಿಡೀತಾರೆ."

ಬಲೆ ಎಂಬ ಮಾತು ಥೆರಾನನ ಮನಸ್ಸಿನಲ್ಲೂ ಇತ್ತು. ಆದರೆ ಅವನ ಪರವಾಗಿ ಅಕ್ಕ ಇಷ್ಟು ಬಿಸಿಯಾದದ್ದನ್ನು ಅವನೆಂದೂ ಕಂಡಿರಲಿಲ್ಲ. ಅವನು ತಲೆ ತಗ್ಗಿಸಿ ಸೊಪ್ಪು ಬಡಿಸಿಕೊಂಡ. ಅರ್ಜಿಯನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡ.

ಆ ವಾರದ ರಜೆಯ ದಿನ, ಮಗಳ ಮಾತು ನಿಜವೇ ಎಂದು ತಾನೇ ವಿಚಾರಿಸಲು, ಅರ್ಜಿ ತುಂಬಿಕೊಂಡು ಕೌಂಟಿ ಕೋರ್ಟಿನ ಗುಮಾಸ್ತರ ಕಚೇರಿಗೆ ಹೋದ. ಗಾಜಿನ ಹಿಂದೆ ಕುಳಿತಿದ್ದ ಬಿಳಿಯ ಹೆಂಗಸು ಅವನ ಅರ್ಜಿಯನ್ನು ಓದಿ, "ಎಲ್ಲಾ ಸರಿಯಾಗಿದೆ" ಎಂದು ನಕ್ಕಳು. ನಗು ಕಂಡು ಅವನಿಗೆ ಇನ್ನಷ್ಟು ಅನುಮಾನವಾಯಿತು.

"ನಂಗೆ ಎಂಟು ವರ್ಷ ಶಿಕ್ಷೆ ಆಗಿದೆ ಮೇಡಂ. ನೋಡಿ ಹೇಳಿ."

"ಯಾವ ಕೇಸು?"

ಹೇಳಿದ. ಆಕೆ ಯಂತ್ರದಲ್ಲಿ ನೋಡಿದಳು. "ಪಟ್ಟಿಯಲ್ಲಿಲ್ಲ. ನಿಮ್ಮ ಹಕ್ಕು ಹೋಗೇ ಇಲ್ಲ."

"ಯಾವತ್ತಿಂದ ಹೋಗಿಲ್ಲ?"

"ಯಾವತ್ತೂ ಹೋಗಿಲ್ಲ. ಒಳಗಿದ್ದಾಗ್ಲೂ ಇತ್ತು."

ಥೆರಾನ್ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ನಿಂತ. ಇಪ್ಪತ್ತೇಳು ವರ್ಷ. ಚುನಾವಣೆ ಬಂದಾಗಲೆಲ್ಲ ಜನ ಕಾರ್ಖಾನೆಯ ಊಟದ ಮನೆಯಲ್ಲಿ ಮಾತಿಗೆ ಕೂತರೆ ಇವನು ಎದ್ದು ಹೊರಗೆ ಹೋಗುತ್ತಿದ್ದ. ಹೋಗಬೇಕಿರಲಿಲ್ಲವೇ ಹಾಗಾದರೆ?

"ಇದನ್ನ ಬರೆದು ಕೊಡಿ."

"ಯಾವುದನ್ನ?"

"ಈಗ ಹೇಳಿದ್ರಲ್ಲ, ಅದನ್ನ. ನಿಮ್ಮ ಹೆಸರು, ತಾರೀಖು, ಮೊಹರು ಹಾಕಿ. ನಾಳೆ ಯಾರಾದ್ರೂ ಬಂದು ಹಿಡ್ಕೊಂಡ್ರೆ ತೋರಿಸೋಕೆ ಬೇಕಲ್ಲ."

ಆಕೆಯ ನಗು ಹೋಯಿತು. ಆದರೂ ಅಪರಾಧಗಳ ಪಟ್ಟಿಯ ಒಂದು ಪ್ರತಿಗೆ ಮೊಹರು ಒತ್ತಿ, ತನ್ನ ಹೆಸರು ಬರೆದು ಕೊಟ್ಟಳು.

ಮನೆಯಲ್ಲಿ ಅದನ್ನು ತೋರಿಸಿದಾಗ ವೆರ್ನೀಸ್ ಇಸ್ತ್ರಿ ಮಾಡುತ್ತಿದ್ದಳು. ಊರಿನ ನಾಲ್ಕಾರು ಸಿರಿವಂತರ ಮನೆಯ ಬಟ್ಟೆ ಅವಳ ಕೈಲೇ ಆಗಬೇಕು. ಅಡುಗೆಯಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ಶಾಲೆಯ ಅಡುಗೆಮನೆಗೆ ಬಾ ಎಂದು ಎರಡು ಸಲ ಕರೆದಿದ್ದರು, ಪಿಂಚಣಿ ಬರುವ ಕೆಲಸ. ಹೋಗಿರಲಿಲ್ಲ. "ಯಾರ ಕೈಕೆಳಗೂ ದುಡಿಯೋಳಲ್ಲ ನಾನು" ಎಂದಿದ್ದಳು.

"ಮೊಹರಂತೆ ಮೊಹರು," ಎಂದಳು ಈಗ, ತಲೆಯೆತ್ತದೆ. "ಹಿಡಿಯೋಕೆ ಬಂದೋನು ನಿನ್ನ ಮೊಹರು ಓದ್ತಾ ನಿಲ್ತಾನಾ?"

"ನೀನು ಓಟು ಹಾಕ್ತೀಯಲ್ಲ ಪ್ರತಿ ಸಲ, ನಿನ್ನ ಯಾರೂ ಹಿಡೀಲಿಲ್ವಲ್ಲ."

"ನಾನು ಜೈಲಿಗೆ ಹೋಗಿರ್ಲಿಲ್ಲ ಕಣಪ್ಪ."

ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಒಂದೇ ಕಡೆ ನಿಂತಿತು. ಸುಟ್ಟ ವಾಸನೆ ಬಂದ ಮೇಲೆ ಎತ್ತಿದಳು.

ಮಾರ್ಚ್ ಎರಡನೆಯ ವಾರ ಟಲೀಶಾಳ ಮತದಾರರ ಕಾರ್ಡು ಅಂಚೆಯಲ್ಲಿ ಬಂತು. ಅವಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಬಂದು ಹೋದವರಿಗೆಲ್ಲ ತೋರಿಸಿದಳು. ಊರ ಪುರಸಭೆಗೆ ಅವರ ಮೂರನೆಯ ವಾರ್ಡಿನಿಂದ ಡೆಲ್ಫೀನ್ ಎಂಬ ನರ್ಸ್ ನಿಂತಿದ್ದಳು, ಕೊಳಾಯಿಯ ನೀರು ಸರಿಮಾಡಿಸುತ್ತೇನೆ ಎಂದು ಮನೆಮನೆ ಸುತ್ತುತ್ತಿದ್ದಳು. ಊರಿನ ನಲ್ಲಿಯಲ್ಲಿ ಚಹಾದ ಬಣ್ಣದ ನೀರು ಬರತೊಡಗಿ ಆರು ವರ್ಷವಾಗಿತ್ತು. ಕುಡಿಯಲು, ಅನ್ನ ಮಾಡಲು ಅಂಗಡಿಯಿಂದ ಕ್ಯಾನು ಹೊತ್ತು ತರಬೇಕು. ವೆರ್ನೀಸ್ ಬಿಳಿ ಅಂಗಿಗಳನ್ನು ಒಗೆಯಲು ಪಕ್ಕದ ಊರಿಗೆ ಹೋಗಬೇಕು.

ಥೆರಾನನ ಕಾರ್ಡು ಬರಲಿಲ್ಲ. ಒಂದು ವಾರ ಕಾದ. ಇನ್ನೊಂದು ವಾರ ಕಾದ. ಅಂಚೆಯ ಡಬ್ಬಿಯ ಬೀಗದ ಕೈ ಮೊದಲಿನಿಂದಲೂ ಅಕ್ಕನ ಬಳಿಯೇ ಇರುತ್ತಿತ್ತು. ತಾಯಿ ಸತ್ತ ಮೇಲೆ ಮನೆಯ ಕಾಗದಪತ್ರಗಳೆಲ್ಲ ಅವಳ ಕೋಣೆಯಲ್ಲೇ. ಅದನ್ನು ಅವನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ. ಈಗ ಯೋಚಿಸತೊಡಗಿದ. ಒಂದೊಂದಾಗಿ ಬೇರೆ ಸಂಗತಿಗಳೂ ನೆನಪಾದವು. ತೆರಿಗೆಯ ಚೀಟಿ ಬಂದರೆ ಅವಳು ಮಡಚಿ ಒಳಗೆ ಒಯ್ಯುತ್ತಿದ್ದಳು. ಕಚೇರಿಯ ಲಕೋಟೆ ಯಾವುದಿದ್ದರೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ತನ್ನ ಹೆಸರು ಯಾವ ಸರ್ಕಾರಿ ಪುಸ್ತಕಕ್ಕೂ ಹತ್ತಬಾರದು ಎಂದು ಇವಳಿಗೇಕೆ ಇಷ್ಟು ಹಟ? ಮನೆಯನ್ನೇನಾದರೂ ತನ್ನೊಬ್ಬಳ ಹೆಸರಿಗೆ ಬರೆಸಿಕೊಂಡಿದ್ದಾಳೋ?

ಒಂದು ಶನಿವಾರ ವೆರ್ನೀಸ್ ಒಗೆಯಲು ಹೋದಾಗ ಅವನು ಅವಳ ಇಸ್ತ್ರಿ ಬುಟ್ಟಿಯ ಬಟ್ಟೆ ಎತ್ತಿ ನೋಡಿದ. ದಿಂಬಿನ ಚೀಲಗಳ ಅಡಿಯಲ್ಲಿ ಅವನ ಹೆಸರಿನ ಲಕೋಟೆ ಸಿಕ್ಕಿತು. ಒಡೆದಿರಲಿಲ್ಲ.

ಸಂಜೆ ಊಟಕ್ಕೆ ಕರಿದ ಮೀನು, ಮುಸುಕಿನ ಜೋಳದ ಬ್ರೆಡ್ಡು. ಅವನು ತಟ್ಟೆಯ ಪಕ್ಕದಲ್ಲಿ ಲಕೋಟೆಯಿಟ್ಟ.

"ಇದೇನಕ್ಕ?"

ವೆರ್ನೀಸ್ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದಳು. "ನನ್ನ ಬುಟ್ಟಿಗೆ ಕೈ ಹಾಕಿದ್ಯಾ?"

"ನನ್ನ ಕಾಗದಕ್ಕೆ ನೀನು ಕೈ ಹಾಕಿದ್ಮೇಲೆ."

"ನಿನ್ನ ಒಳ್ಳೇದಕ್ಕೇ ಇಟ್ಟಿದ್ದು. ಓಟಿನ ದಿನ ಕಳೆದ್ಮೇಲೆ ಕೊಡ್ತಿದ್ದೆ."

"ನನ್ನ ಒಳ್ಳೇದು! ಈ ಮನೆ ಯಾರ ಹೆಸರಲ್ಲಿದೆ, ಅದನ್ನ ಹೇಳು ಮೊದ್ಲು."

ಟಲೀಶಾ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. ವೆರ್ನೀಸ್ ತಮ್ಮನನ್ನೇ ನೋಡಿದಳು, ಯಾರೋ ಪರಿಚಯವಿಲ್ಲದವನು ಬಂದು ಕುರ್ಚಿಯಲ್ಲಿ ಕುಳಿತಂತೆ. ಆಮೇಲೆ ಎದ್ದು ಕೋಣೆಗೆ ಹೋಗಿ ತಗಡಿನ ಪೆಟ್ಟಿಗೆಯೊಂದನ್ನು ತಂದು ಅವನ ತಟ್ಟೆಯ ಮೇಲೆಯೇ ಸುರಿದಳು. ತೆರಿಗೆಯ ಚೀಟಿಗಳು ಮೀನಿನ ಎಣ್ಣೆಯ ಮೇಲೆ ಬಿದ್ದವು. ಎಲ್ಲದರ ಮೇಲೂ ತಾಯಿಯ ಹೆಸರು. ಸತ್ತು ಹನ್ನೆರಡು ವರ್ಷವಾದರೂ ತಾಯಿಯ ಹೆಸರೇ.

"ನೋಡ್ಕೋ. ಚೆನ್ನಾಗಿ ನೋಡ್ಕೋ. ಇಪ್ಪತ್ತು ವರ್ಷ ಅನ್ನ ಹಾಕಿದ್ದಕ್ಕೆ ಕಳ್ಳಿ ಅನ್ನಿಸ್ಕೊಂಡೆ."

ಥೆರಾನ್ ಚೀಟಿಗಳನ್ನು ಒಂದೊಂದಾಗಿ ಎತ್ತಿ ಎಣ್ಣೆ ಒರೆಸಿದ. ತಪ್ಪಾಯಿತು ಎನ್ನಬೇಕೆಂದುಕೊಂಡ. ಆದರೆ ಹಾಗಾದರೆ ಕಾರ್ಡನ್ನು ಬಚ್ಚಿಟ್ಟದ್ದು ಯಾಕೆ? ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಎದ್ದ.

ಏಪ್ರಿಲ್ ಒಂದರಂದು ಓಟು. ವೆರ್ನೀಸ್ ಎಂದಿನಂತೆ ಒಂದು ವಾರ ಮೊದಲೇ ಹ್ಯಾಟು ಹಾಕಿಕೊಂಡು ಹೋಗಿ ಬಂದಿದ್ದಳು. ಅರವತ್ತೈದು ದಾಟಿದವರು ಕಚೇರಿಯಲ್ಲಿ ಮುಂಚೆಯೇ ಹಾಕಬಹುದು, ನೂಕುನುಗ್ಗಲು ಯಾರಿಗೆ ಬೇಕು ಎನ್ನುತ್ತಿದ್ದಳು. ಬಂದ ಮೇಲೆ ಕೋಟಿನ ಮೇಲೆ "ನಾನು ಓಟು ಹಾಕಿದೆ" ಎಂಬ ದುಂಡನೆಯ ಚೀಟಿ ಅಂಟಿರುತ್ತಿತ್ತು.

ಥೆರಾನ್ ಬೆಳಗಿನ ಪಾಳಿ ಮುಗಿಸಿ, ಕೈಯನ್ನು ನಿಂಬೆಹಣ್ಣಿನಿಂದ ತಿಕ್ಕಿ ತೊಳೆದು, ಮೊಹರಿನ ಹಾಳೆ ಜೇಬಿನಲ್ಲಿಟ್ಟುಕೊಂಡು ಮಗಳ ಜೊತೆ ಮತಗಟ್ಟೆಗೆ ಹೋದ. ಅಗ್ನಿಶಾಮಕ ಠಾಣೆಯ ಶೆಡ್ಡಿನಲ್ಲಿ ಮೇಜು ಹಾಕಿದ್ದರು. ಬಾಗಿಲಲ್ಲಿ ನಿಂತ ಪೊಲೀಸನನ್ನು ಅವನು ಎರಡು ಸಲ ನೋಡಿದ. ಪೊಲೀಸ್ ಆಕಳಿಸಿದ.

ಮೇಜಿನ ಹಿಂದಿದ್ದ ಹುಡುಗಿ ಅವನ ಚಾಲನಾ ಪರವಾನಗಿ ನೋಡಿ ಪುಸ್ತಕದಲ್ಲಿ ಬೆರಳಾಡಿಸಿದಳು. "ಗ್ಯಾಡಿಸ್... ಈ ವಿಳಾಸಕ್ಕೆ ಇಬ್ಬರು. ಟಲೀಶಾ, ಥೆರಾನ್."

"ಮೂರು ಜನ," ಎಂದ ಥೆರಾನ್. "ವೆರ್ನೀಸ್ ಗ್ಯಾಡಿಸ್."

"ಇಬ್ಬರೇ ಸರ್."

"ಸರಿಯಾಗಿ ನೋಡಮ್ಮ. ಅವ್ರು ಹೋದ ವಾರವೇ ಹಾಕಿ ಬಂದಿದ್ದಾರೆ."

"ಮುಂಚೆ ಹಾಕಿದ್ರೂ ಹೆಸರು ಇಲ್ಲೇ ಇರ್ಬೇಕು ಸರ್, ಪಕ್ಕದಲ್ಲಿ ಗುರುತು ಮಾಡಿರ್ತಾರೆ." ಅವಳು ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. ಟಲೀಶಾ, ಥೆರಾನ್, ಅದರ ಕೆಳಗೆ ಗೇಜ್ ಎಂಬ ಬೇರೆ ಮನೆತನ.

ಅವನು ಸಹಿ ಹಾಕಿದ. ಮತಚೀಟಿಯಲ್ಲಿ ಡೆಲ್ಫೀನಳ ಹೆಸರಿನ ಪಕ್ಕದ ಅಂಡಾಕಾರವನ್ನು ಅಂಚು ಮೀರದಂತೆ ತುಂಬಿದ. ಯಂತ್ರ ಕಾಗದವನ್ನು ನುಂಗಿ ಒಂದು ಸಣ್ಣ ಸದ್ದು ಮಾಡಿತು. ಯಾರೂ ಬಂದು ಕತ್ತು ಹಿಡಿಯಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಇಂಥ ದಿನ ಬಂದರೆ ಹೇಗಿರುತ್ತದೆ ಎಂದು ಅವನು ಬಹಳ ಸಲ ಯೋಚಿಸಿದ್ದ. ಬಂದಾಗ ಮಾತ್ರ ಅವನ ತಲೆಯಲ್ಲಿದ್ದದ್ದು ಆ ಪುಟ.

ಮನೆಯಲ್ಲಿ ವೆರ್ನೀಸ್ ಬಟಾಣಿ ಸುಲಿಯುತ್ತಿದ್ದಳು. ಅವನು ಎದುರಿಗೆ ಕುಳಿತು ತಾನೂ ಒಂದು ಹಿಡಿ ತೆಗೆದುಕೊಂಡ.

"ಹಾಕಿದ್ಯಾ?" ಎಂದಳು.

"ಹಾಕ್ದೆ. ಅಕ್ಕಾ, ಪುಸ್ತಕದಲ್ಲಿ ನಿನ್ನ ಹೆಸರಿಲ್ಲ."

"ಬರ್ಕೊಳ್ಳೋರು ಬಿಟ್ಟಿರ್ತಾರೆ."

"ನನ್ನ ಮುಖ ನೋಡಿ ಹೇಳು."

ಅವಳು ನೋಡಲಿಲ್ಲ. ನಾಲ್ಕಾರು ಕಾಯಿ ಸುಲಿದಳು. ಆಮೇಲೆ ಹೇಳಿದಳು, ಬಟಾಣಿಯ ಬಟ್ಟಲಿಗೆ ಹೇಳುವಂತೆ. ಮೂವತ್ತಮೂರು ವರ್ಷದ ಹಿಂದಿನ ಮಾತು. ಆಗ ಅವಳು ಗಂಡನ ಜೊತೆ ದಕ್ಷಿಣದ ಬೇರೊಂದು ಕೌಂಟಿಯಲ್ಲಿದ್ದಳು. ಮನೆಗೊಂದು ಫ್ರಿಜ್ಜು ತಂದು, ಎರಡು ಚೆಕ್ಕು ಬರೆದುಕೊಟ್ಟಿದ್ದಳು, ಶುಕ್ರವಾರ ಗಂಡನ ಸಂಬಳ ಬ್ಯಾಂಕಿಗೆ ಬೀಳುತ್ತದೆಂಬ ನಂಬಿಕೆಯ ಮೇಲೆ. ಶುಕ್ರವಾರ ಗಂಡ ಸಂಬಳದ ಜೊತೆ ಊರು ಬಿಟ್ಟ. ಅಂಗಡಿಯವನು ಫ್ರಿಜ್ಜನ್ನೂ ಹೊತ್ತುಕೊಂಡು ಹೋದ, ಕೇಸನ್ನೂ ಹಾಕಿದ.

"ವಕೀಲ ಹೇಳ್ದ, ತಪ್ಪೊಪ್ಕೋ, ಜೈಲಿಲ್ಲ, ಸಂಜೆಗೆ ಮನೇಲಿರ್ತೀಯ ಅಂತ. ನಿಜವೇ, ಜೈಲಾಗ್ಲಿಲ್ಲ. ಆ ವರ್ಷ ಓಟು ಹಾಕೋಕೆ ಹೋದೆ. ಸಾಲಲ್ಲಿ ನಿಂತಿದ್ದೋರ ಎದುರಿಗೇ ಅಂದ್ರು, ನಿನ್ನ ಹೆಸರು ತೆಗೆದಿದ್ದೀವಿ, ಸಾಯೋವರೆಗೂ ಬರಲ್ಲ ಅಂತ."

"ನಾನು ಮಾಲು ಮಾರಿ ಎಂಟು ವರ್ಷ ಒಳಗಿದ್ದೆ. ನಂಗಿದೆ," ಎಂದ ಥೆರಾನ್ ನಿಧಾನವಾಗಿ. "ನಿಂಗಿಲ್ಲ."

"ಹೂಂ. ನಂಗಿಲ್ಲ."

"ಶಾಲೆ ಕೆಲ್ಸ?"

"ಅರ್ಜಿ ತುಂಬಬೇಕಲ್ಲ. ಅದ್ರಲ್ಲೂ ಅದೇ ಚೌಕ."

"ಮತ್ತೆ ಇಷ್ಟು ವರ್ಷ ನನ್ನ ಜೈಲಿನೋನು, ಜೈಲಿನೋನು ಅಂತ ಚುಚ್ತಿದ್ದದ್ದು?"

ಆಗ ಅವಳು ಮುಖ ಎತ್ತಿದಳು. "ಅಮ್ಮ ಸಾಯೋವರೆಗೂ ಅನ್ನೋಳು, ಥೆರಾನ್ ಕೆಟ್ಟ, ವೆರ್ನೀಸ್ ಒಬ್ಬಳಾದ್ರೂ ನೆಟ್ಟಗಿದ್ದಾಳೆ ಅಂತ. ಯಾರಾದ್ರೂ ಒಬ್ಬರು ನೆಟ್ಟಗಿರ್ಬೇಕಿತ್ತಲ್ಲೋ ಈ ಮನೇಲಿ. ನೀನು ಹೋಗಿ ಆ ಪುಸ್ತಕ ನೋಡೋದು ಬೇಡ ಅಂತ ಕಾರ್ಡು ಬಚ್ಚಿಟ್ಟೆ. ಬೇರೆ ಯಾರಿಗೆ ಗೊತ್ತಾದ್ರೂ ಸರಿ, ನಿಂಗೆ ಗೊತ್ತಾಗ್ಬಾರ್ದಿತ್ತು."

ಥೆರಾನನಿಗೆ ಕೋಪ ಬಂತು. ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಎದ್ದು ಹೋಗಿ ಹಿತ್ತಲಿನ ಹುಲ್ಲು ಕತ್ತರಿಸಿದ, ಕತ್ತಲಾಗುವವರೆಗೆ.

ಮೂರನೆಯ ವಾರ್ಡಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಓಟು ಬಿದ್ದಿರಲಿಲ್ಲ. ಡೆಲ್ಫೀನ್‌ಗೂ ಹಳೆಯ ಸದಸ್ಯನಿಗೂ ಮೂರು ವಾರದ ಮೇಲೆ ಮತ್ತೊಮ್ಮೆ ಓಟು ಎಂದಾಯಿತು. ಆ ಮೂರು ವಾರ ಮನೆಯಲ್ಲಿ ಮಾತು ಬಹಳ ಕಡಿಮೆ. ವೆರ್ನೀಸಳ ಗುಟ್ಟು ತಮ್ಮನೊಬ್ಬನಿಗಲ್ಲ, ಅವನ ಮಗಳಿಗೂ ಗೊತ್ತಾಗಿತ್ತು. ಟಲೀಶಾ ಅತ್ತೆಯ ಜೊತೆ ಒಗೆಯಲು ಹೋಗತೊಡಗಿದಳು, ದಾರಿಯಲ್ಲಿ ಏನೂ ಕೇಳುತ್ತಿರಲಿಲ್ಲ. ಥೆರಾನ್ ಮಾತ್ರ ಅಕ್ಕನ ಪ್ರತಿ ಮಾತನ್ನೂ ತೂಗಿ ನೋಡುತ್ತಿದ್ದ, ಇನ್ನೂ ಏನಾದರೂ ಉಳಿದಿದೆಯೋ ಎಂದು. ವೆರ್ನೀಸಳೂ ಅವನನ್ನು ಹಾಗೆಯೇ ನೋಡುತ್ತಿದ್ದಳು, ಯಾರಿಗೆ ಹೇಳಿ ಬಂದನೋ ಎಂದು.

ಎರಡನೆಯ ಓಟಿನ ದಿನ ಚರ್ಚಿನ ವ್ಯಾನು ಬೀದಿಬೀದಿ ತಿರುಗಿ ಜನರನ್ನು ತುಂಬಿಕೊಳ್ಳುತ್ತಿತ್ತು. ನಾಲ್ಕು ಗಂಟೆಗೆ ಅವರ ಮನೆಯ ಮುಂದೆ ನಿಂತಿತು. ಓಡಿಸುತ್ತಿದ್ದ ಚರ್ಚಿನ ಹಿರಿಯ ಡೀಕನ್ ರಾಯಲ್ ತಲೆ ಹೊರಹಾಕಿ ಕೂಗಿದರು. "ಬನ್ರಪ್ಪಾ! ವೆರ್ನೀಸಮ್ಮ, ಈ ಸಲ ಮುಂಚೆ ಹೋದ ಹಾಗೆ ಕಾಣ್ಲಿಲ್ಲ. ಹತ್ತಿ, ಜಾಗ ಇದೆ!"

ವೆರ್ನೀಸ್ ಜಗಲಿಯಲ್ಲಿ ಕುಳಿತಿದ್ದಳು, ಹ್ಯಾಟಿರಲಿಲ್ಲ. ಥೆರಾನ್ ಕಾರ್ಖಾನೆಯಿಂದ ಬರುವ ದಾರಿಯಲ್ಲೇ ಸುಳ್ಳು ಸಿದ್ಧಮಾಡಿಟ್ಟುಕೊಂಡಿದ್ದ.

"ಅಕ್ಕಂಗೆ ಬೆಳಗ್ಗೆಯಿಂದ ತಲೆಸುತ್ತು, ಡೀಕನ್. ನಾವಿಬ್ಬರೇ—"

"ತಲೆಸುತ್ತಿಲ್ಲ," ಎಂದಳು ವೆರ್ನೀಸ್.

ಅವಳು ಎದ್ದು ಮೆಟ್ಟಿಲಿಳಿದು ವ್ಯಾನಿನ ಕಿಟಕಿಯ ಬಳಿ ಬಂದಳು. ಒಳಗೆ ಎಂಟು ಜನರಿದ್ದರು. ಎಲ್ಲರೂ ಅವಳ ಕೈಯಡುಗೆ ಉಂಡವರು, ಅವಳಿಂದ ಬುದ್ಧಿ ಹೇಳಿಸಿಕೊಂಡವರು.

"ನಂಗೆ ಓಟಿಲ್ಲ. ಚೆಕ್ ಬೌನ್ಸ್ ಕೇಸಲ್ಲಿ ಶಿಕ್ಷೆಯಾಗಿ ಮೂವತ್ತಮೂರು ವರ್ಷ ಆಯ್ತು, ಹೆಸರು ತೆಗೆದಿದ್ದಾರೆ. ಇಷ್ಟು ದಿನ ಹಾಕ್ತೀನಿ ಅಂದಿದ್ದೆಲ್ಲಾ ಸುಳ್ಳು. ಆ ಅಂಟಿಸೋ ಚೀಟಿ ಕಚೇರಿ ಮೇಜಿಂದ ಎತ್ಕೊಂಡು ಬರ್ತಿದ್ದೆ."

ಡೀಕನ್ ಸ್ಟೀರಿಂಗನ್ನೇ ನೋಡುತ್ತ ಕುಳಿತರು. ಮುಂದಿನ ಸೀಟಿನಲ್ಲಿ ಊರುಗೋಲು ಹಿಡಿದಿದ್ದ ಸಿಸ್ಟರ್ ಮೊಜೆಲ್ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು.

"ಗೊತ್ತು ಕಣೇ ವೆರ್ನೀಸ್."

"ಏನು ಗೊತ್ತು?"

"ಹತ್ತೊಂಬತ್ತು ವರ್ಷ ಆ ಪುಸ್ತಕದ ಪುಟ ತಿರುವಿದೋಳು ನಾನೇ ಅಲ್ವಾ?"

ವೆರ್ನೀಸಳ ಕೈ ವ್ಯಾನಿನ ಬಾಗಿಲ ಮೇಲೆ ಬಿಗಿಯಾಯಿತು. "ನಾನೂರು ಹೆಸರಲ್ಲಿ ಒಂದಿಲ್ಲ ಅಂತ ಯಾರು ನೋಡ್ತಾರೆ ಅಂದ್ಕೊಂಡಿದ್ದೆ. ಗೊತ್ತಿದ್ದೂ ನನ್ನ ಕೋಟಿನ ಮೇಲಿನ ಚೀಟಿ ನೋಡಿ ನಗ್ತಾ ಮಾತಾಡಿಸ್ತಿದ್ಯಾ?"

"ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

"ಇನ್ನೂ ಯಾರ್ಯಾರಿಗೆ ಗೊತ್ತು?"

ಹಿಂದಿನ ಸೀಟಿನ ಮುದುಕಿಯೊಬ್ಬಳು ತನ್ನ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿದಳು, ತೆಗೆದು ಹಾಕಿದಳು. ವೆರ್ನೀಸ್ ಒಬ್ಬೊಬ್ಬರ ಮುಖವನ್ನೂ ನೋಡಿ ಮುಗಿಸಿ ತಮ್ಮನ ಕಡೆ ತಿರುಗಿದಳು.

"ಹೋಗೋ. ನಿಂತ್ಕೊಂಡು ಏನ್ ಮಾಡ್ತೀಯ, ಏಳಕ್ಕೆ ಮುಚ್ತಾರೆ."

ಡೆಲ್ಫೀನ್ ಸೋತಳು. ನಾಲ್ಕು ಓಟಿನಿಂದ.

ಬುಧವಾರ ಟಲೀಶಾ ಆ ಸುದ್ದಿ ತಂದಾಗ ವೆರ್ನೀಸ್ ಕ್ಯಾನಿನ ನೀರನ್ನು ಪಾತ್ರೆಗೆ ಸುರಿಯುತ್ತಿದ್ದಳು. "ಎಷ್ಟು?" ಎಂದು ಎರಡು ಸಲ ಕೇಳಿದಳು. ಹಕ್ಕು ವಾಪಸು ಬೇಕೆಂದರೆ ಒಂದು ದಾರಿಯಿದೆ ಎಂದು ಟಲೀಶಾ ಕೇಳಿಕೊಂಡು ಬಂದಿದ್ದಳು. ತಮ್ಮ ಭಾಗದ ಶಾಸಕನಿಗೆ ಪತ್ರ ಬರೆಯಬೇಕು. ಅವನಿಗೆ ಮನಸ್ಸು ಬಂದರೆ ಮುಂದಿನ ಜನವರಿಯ ಅಧಿವೇಶನದಲ್ಲಿ ವೆರ್ನೀಸ್ ಒಬ್ಬಳಿಗಾಗಿಯೇ ಒಂದು ಮಸೂದೆ ತರುತ್ತಾನೆ. ಅದರಲ್ಲಿ ಅವಳ ಹೆಸರು, ಕೌಂಟಿ, ಅಪರಾಧ ಎಲ್ಲ ಅಚ್ಚಾಗುತ್ತದೆ. ಎರಡೂ ಸದನದಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ಕೆಲವು ವರ್ಷ ಹತ್ತಾರು ಜನಕ್ಕೆ ಕೊಡುತ್ತಾರೆ, ಕೆಲವು ವರ್ಷ ಒಬ್ಬರಿಗೂ ಇಲ್ಲ.

"ಒಂದು ಫ್ರಿಜ್ಜಿಗೆ ಎರಡು ಸದನವಾ?" ಎಂದ ಥೆರಾನ್.

ವೆರ್ನೀಸ್ ನಾಲ್ಕು ದಿನ ಆ ಮಾತೆತ್ತಲಿಲ್ಲ. ಭಾನುವಾರ ಚರ್ಚಿಗೆ ಹೋದಳು, ತನ್ನ ಎಂದಿನ ಸಾಲಿನಲ್ಲೇ ಕುಳಿತಳು, ಯಾರೊಡನೆಯೂ ಮಾತಾಡದೆ ಬಂದಳು. ಊಟವಾದ ಮೇಲೆ ಮೇಜು ಒರೆಸಿ, "ಹಾಳೆ ತಗೋಳೇ ಟಲೀಶಾ" ಎಂದಳು. ಹೆಸರು ಹೇಳಿದಳು, ಹುಟ್ಟಿದ ದಿನ ಹೇಳಿದಳು, ಕೇಸಿನ ವರ್ಷ ಹೇಳಿದಳು. ಅಪರಾಧ ಹೇಳುವಾಗ ದನಿ ತಗ್ಗಿಸಲಿಲ್ಲ, ಅಡುಗೆಮನೆಯ ಕಿಟಕಿ ತೆರೆದೇ ಇತ್ತು.

"ಯಾಕೆ ಬೇಕು ಅಂತ ಒಂದೆರಡು ಸಾಲು ಬರೀಬೇಕಂತೆ ಅತ್ತೆ. ಪಶ್ಚಾತ್ತಾಪ ಆಗಿದೆ, ಅಂಥದ್ದೇನಾದ್ರೂ."

"ಪಶ್ಚಾತ್ತಾಪ ಫ್ರಿಜ್ಜು ತಂದಿದ್ದಕ್ಕಾ, ಆ ಗಂಡನ್ನ ಕಟ್ಕೊಂಡಿದ್ದಕ್ಕಾ? ಅದೆಲ್ಲಾ ಬೇಡ. ನಮ್ಮ ವಾರ್ಡಲ್ಲಿ ನಾಲ್ಕು ಓಟಲ್ಲಿ ಸೋತ್ವಿ, ಆ ನಾಲ್ಕರಲ್ಲಿ ಒಂದು ನಂದು ಅಂತ ಬರಿ."

ಟಲೀಶಾ ಬರೆದಳು. ಥೆರಾನ್ ಹಾಳೆಯನ್ನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ.

"ಕೊಡ್ತಾರೆ ಅಂತೀಯಾ?" ಎಂದಳು ವೆರ್ನೀಸ್.

"ನಂಗಂತೂ ನಂಬಿಕೆಯಿಲ್ಲ ಅಕ್ಕಾ."

"ನಂಗೂ ಇಲ್ಲ," ಎಂದು ಅವಳು ಪೆನ್ನು ಕೇಳಿ ತೆಗೆದುಕೊಂಡು, ಹಾಳೆಯ ಅಡಿಯಲ್ಲಿ ತನ್ನ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಳು.